ಸೋತವರ ಕೈಗೊಂದು ಚೀಟಿ ಕೊಡಿ

ಹೊರನಾಡಿನಲ್ಲಿರುವ ಕನ್ನಡಿಗರಾದ ನಮಗೆ ಸೋಲಿಗೆ ಕಾರಣ ಹುಡುಕುವ ಕಷ್ಟವೇ ಇಲ್ಲ. ಬಡ್ತಿ ತಪ್ಪಿತೇ, ಬಾಡಿಗೆ ಮನೆ ಕೈತಪ್ಪಿತೇ, ಮಗಳಿಗೆ ಶಾಲೆಯ ನಾಟಕದಲ್ಲಿ ಪಾರ್ಟು ಸಿಗಲಿಲ್ಲವೇ, 'ನಾವು ಹೊರಗಿನೋರಲ್ವಾ' ಎಂದರೆ ಮುಗಿಯಿತು. ಕೆಲವು ಸಲ ಅದು ನಿಜವೂ ಹೌದು. ಆದರೆ ಅದು ಯಾವಾಗ ನಿಜ, ಯಾವಾಗ ಬರೀ ನೆಪ ಅನ್ನೋದನ್ನ ಪುಣೆಯಲ್ಲಿ ನನಗೆ ಕಲಿಸಿದ್ದು ಒಂದು ಬಿಯರ್ ಬಾಟಲಿ. ಮೂಗು ಮುರಿಯಬೇಡಿ, ಸ್ವಲ್ಪ ಕೇಳಿ.

ನನ್ನ ಗೆಳೆಯನೊಬ್ಬ ತುಮಕೂರಿನ ಕಡೆಯವನು. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಭಾನುವಾರ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಇಟ್ಟು ಬಿಯರ್ ಕಾಯಿಸುವ ಹುಚ್ಚು ಅವನದು. ಒಮ್ಮೆ ಊರಿನಿಂದ ಮೊಳಕೆ ಕಟ್ಟಿ ಒಣಗಿಸಿದ ರಾಗಿ ತರಿಸಿ, ಬಾರ್ಲಿಯ ಜೊತೆ ಸೇರಿಸಿ ಬಿಯರ್ ಮಾಡಿದ. ಬಾರ್ಲಿಗಿರುವ ಹೊಟ್ಟು ರಾಗಿಗಿಲ್ಲ, ಸೋಸುವುದೇ ದೊಡ್ಡ ಪಾಡು. ಅಷ್ಟೆಲ್ಲ ಪಟ್ಟು, ಮನೆಯಲ್ಲಿ ಮಾಡಿದ ಬಿಯರಿನ ಸ್ಪರ್ಧೆಯೊಂದಕ್ಕೆ ಕಳಿಸಿದ. ಐವತ್ತಕ್ಕೆ 26 ಬಂತು.

'ಇದೆಲ್ಲ ಮೊದಲೇ ಫಿಕ್ಸ್ ಆಗಿರುತ್ತೆ ಕಣೋ. ನಮ್ಮ ರಾಗಿ ರುಚಿ ಇವರಿಗೇನು ಗೊತ್ತು? ನಾವು ಹೊರಗಿನೋರು, ನಮಗೆಲ್ಲಿ ಕೊಡ್ತಾರೆ?' ಅಂದ. ನಾನು ತಲೆಯಾಡಿಸಿದೆ.

ತಲೆಯಾಡಿಸಿದ್ದು ತಪ್ಪು. ಯಾಕೆಂದರೆ ಅವತ್ತು ಆ ಸ್ಪರ್ಧೆಯಲ್ಲಿ ಬಾಟಲಿ ಹೊತ್ತು ತಂದು, ತೀರ್ಪುಗಾರರ ಗ್ಲಾಸಿಗೆ ಬಗ್ಗಿಸುವ ಕೆಲಸ ಮಾಡಿದವನೇ ನಾನು. ಎಲ್ಲವನ್ನೂ ಕಣ್ಣಾರೆ ಕಂಡಿದ್ದೆ.

ಏನು ಕಂಡೆ ಅಂದರೆ, ಬಾಟಲಿಗೆ ಲೇಬಲ್ ಇಲ್ಲ. ಮುಚ್ಚಳದ ಮೇಲೇನಾದರೂ ಅಚ್ಚಾಗಿದ್ದರೆ ಅದಕ್ಕೂ ಕಪ್ಪು ಮಸಿ. ಇರುವುದು ಒಂದು ನಂಬರು ಮಾತ್ರ. ಮಾಡಿದವನು ದೇಶಪಾಂಡೆಯೋ, ಗೌಡನೋ, ಡಿಸೋಜನೋ, ಮೇಜಿನಲ್ಲಿ ಕೂತವರಿಗೆ ಗೊತ್ತಿಲ್ಲ. ತಾನೇ ಬಿಯರ್ ಕಳಿಸಿರುವ ವಿಭಾಗದಲ್ಲಿ ಯಾರೂ ತೀರ್ಪುಗಾರನಾಗಿ ಕೂರುವಂತಿಲ್ಲ. ಒಂದು ಮೇಜಿಗೆ ಕನಿಷ್ಠ ಇಬ್ಬರು. ಮೊದಲು ಮೂಸುತ್ತಾರೆ, ಯಾಕೆಂದರೆ ಪರಿಮಳ ನಿಮಿಷದಲ್ಲಿ ಹಾರಿಹೋಗುತ್ತದೆ. ಆಮೇಲೆ ಬಣ್ಣ, ನೊರೆ. ಆಮೇಲೆ ಗುಟುಕು. ಅಲ್ಲಿಯವರೆಗೆ ಒಬ್ಬರಿಗೊಬ್ಬರು ಮಾತಾಡುವುದಿಲ್ಲ, ಹುಬ್ಬು ಕೂಡ ಹಾರಿಸಬಾರದು. ಇಬ್ಬರೂ ತಮ್ಮ ತಮ್ಮ ಹಾಳೆ ತುಂಬಿದ ಮೇಲಷ್ಟೇ ಅಂಕ ಹೇಳುತ್ತಾರೆ. ಅಂತರ ಏಳಕ್ಕಿಂತ ಹೆಚ್ಚಿದ್ದರೆ ಮತ್ತೆ ಕುಡಿದು, ಚರ್ಚಿಸಿ, ಹತ್ತಿರ ಬರಬೇಕು.

ಈ ಪದ್ಧತಿಯನ್ನು ರೂಢಿಗೆ ತಂದದ್ದು ಅಮೆರಿಕದಲ್ಲಿ 1985ರಲ್ಲಿ ಹುಟ್ಟಿದ ಬಿ.ಜೆ.ಸಿ.ಪಿ., ಅಂದರೆ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ. ಅವರ ಹಾಳೆಯಲ್ಲಿ ಪರಿಮಳಕ್ಕೆ 12 ಅಂಕ, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ಬಗೆಗೆ 5, ಒಟ್ಟು ಅಭಿಪ್ರಾಯಕ್ಕೆ 10. ಒಟ್ಟು ಐವತ್ತು. ಅಂಕ ಕೊಟ್ಟು ಸುಮ್ಮನಾಗುವಂತಿಲ್ಲ. ಯಾಕೆ ಕೊಟ್ಟೆ, ಎಲ್ಲಿ ಎಡವಿದೆ, ಹೇಗೆ ಸುಧಾರಿಸಬಹುದು ಎಂದು ಸಾಲು ಸಾಲಾಗಿ ಬರೆಯಬೇಕು. ಆ ಹಾಳೆ ಸ್ಪರ್ಧಿಯ ಕೈಗೆ ಹೋಗುತ್ತದೆ. ಗೆದ್ದವನಿಗೂ ಹೋಗುತ್ತದೆ, ಸೋತವನಿಗೂ ಹೋಗುತ್ತದೆ.

ಗೆಳೆಯ ಸಿಟ್ಟಿನಲ್ಲಿ ಆ ಹಾಳೆಯನ್ನು ಓದಿಯೇ ಇರಲಿಲ್ಲ. ವಾರದ ಮೇಲೆ ಇಬ್ಬರೂ ಕೂತು ಓದಿದೆವು. ಒಬ್ಬರು 25, ಇನ್ನೊಬ್ಬರು 27 ಕೊಟ್ಟಿದ್ದರು. ಇಬ್ಬರೂ, ಒಬ್ಬರನ್ನೊಬ್ಬರು ಕೇಳದೆ, ಒಂದೇ ಮಾತು ಬರೆದಿದ್ದರು: ಹಸಿ ಸೇಬು ಹೆಚ್ಚಿದ ವಾಸನೆ. ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಬಾಟಲಿಗೆ ತುಂಬಿದರೆ ಬರುವ ವಾಸನೆ ಅದು. ದೀಪಾವಳಿಗೆ ಊರಿಗೆ ಹೋಗುವ ಅವಸರದಲ್ಲಿ ಅವನು ತುಂಬಿದ್ದೂ ನಿಜ. ಎರಡನೆಯದು, 'ಧಾನ್ಯದ ಮಣ್ಣಿನಂಥ ರುಚಿ ಇದೆ, ಈ ಶೈಲಿಗೆ ಹೊಂದುವುದಿಲ್ಲ'. ಅವನು ತನ್ನ ಬಿಯರನ್ನು ಅಮೆರಿಕನ್ ಬ್ರೌನ್ ಏಲ್ ಎಂಬ ವಿಭಾಗಕ್ಕೆ ಹಾಕಿದ್ದ. ರಾಗಿ ಹಾಕಿದ್ದೇನೆ ಎಂದು ಎಲ್ಲೂ ಹೇಳಿರಲಿಲ್ಲ.

ಶೈಲಿ ಅನ್ನೋದು ಇಲ್ಲಿ ಮುಖ್ಯ. ಲವಂಗ, ಬಾಳೆಹಣ್ಣಿನ ವಾಸನೆ ಜರ್ಮನಿಯ ಗೋಧಿ ಬಿಯರಿನಲ್ಲಿ ಗುಣ. ಅದೇ ವಾಸನೆ ಪಿಲ್ಸ್‌ನರ್‌ನಲ್ಲಿ ದೋಷ. ಸಾರಿಗೆ ಹುಳಿ ಬೇಕು, ಪಾಯಸಕ್ಕೆ ಬೇಡ, ಅಷ್ಟೇ. ನಾನು ಏನು ಮಾಡಲು ಹೊರಟಿದ್ದೆ ಎಂದು ಮೊದಲು ಹೇಳಬೇಕು. ಅದನ್ನು ಎಷ್ಟು ಮಾಡಿದೆ ಎಂದು ಅವರು ಅಳೆಯುತ್ತಾರೆ. ಆ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ಬೇರೆ ಧಾನ್ಯದ ಬಿಯರಿಗೆಂದೇ ಒಂದು ವಿಭಾಗವಿದೆ, 31ಎ. ಯಾವ ಧಾನ್ಯ, ಮೂಲ ಶೈಲಿ ಯಾವುದು ಎಂದು ಬರೆದರೆ ಸಾಕು. ರಾಗಿಗೆ ಜಾಗವಿತ್ತು ಸ್ವಾಮಿ. ಓದದೆ ಹೋದವನು ನಮ್ಮವನೇ.

ಹಾಗಂತ ಆ ಮಾರ್ಗಸೂಚಿ ವೇದವಲ್ಲ. ಅದರ ತುಂಬ ಜರ್ಮನಿ, ಬೆಲ್ಜಿಯಂ, ಇಂಗ್ಲೆಂಡ್, ಅಮೆರಿಕಗಳದೇ ಹೆಸರು. ತೀರ್ಪುಗಾರನ ನಾಲಿಗೆಯೂ ಹತ್ತನೆಯ ಗ್ಲಾಸಿಗೆ ದಣಿಯುತ್ತದೆ, ಹೊಸ ರುಚಿ ಅರ್ಥವಾಗದೆ ಹೋಗಬಹುದು. ಆದರೆ ಅವನು ಬರೆದು ಕೊಟ್ಟಿದ್ದಾನಲ್ಲ? ತಪ್ಪು ಬರೆದಿದ್ದರೆ ತೋರಿಸಿ ಜಗಳವಾಡಬಹುದು. ಬರೆಯದವನ ಜೊತೆ ಹೇಗೆ ಜಗಳವಾಡುತ್ತೀರಿ?

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಅದು ನಮ್ಮ ಮೇಲೇ.

ಇದಕ್ಕೂ ಕೆಲವು ವರ್ಷ ಮೊದಲು ಇಲ್ಲಿನ ಒಂದು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹೋಳಿಗೆ ಸ್ಪರ್ಧೆ ಇತ್ತು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಪ್ರತಿ ತಟ್ಟೆಯ ಮುಂದೆ ಹೆಸರಿನ ಚೀಟಿ, ಹೆಸರಿನ ಹಿಂದೆ ಸ್ವತಃ ಮಾಡಿದವರೇ ನಗುತ್ತಾ ನಿಂತಿದ್ದಾರೆ. ಪದಾಧಿಕಾರಿಗಳ ಮನೆಯವರದ್ದು ಮೂರು ತಟ್ಟೆ. ಅಂಕದ ಹಾಳೆ ಇಲ್ಲ. ಹತ್ತು ನಿಮಿಷದಲ್ಲಿ ತೀರ್ಪು. ಕಲಬುರಗಿ ಕಡೆಯ ಒಬ್ಬ ತಾಯಿ ಶೇಂಗಾ ಹೋಳಿಗೆ ತಂದಿದ್ದರು. ನನ್ನ ಪಕ್ಕದವರು ಕಿವಿಯಲ್ಲಿ, 'ರುಚಿಯಾಗಿದೆ, ಆದರೆ ಇದು ಒಬ್ಬಟ್ಟಲ್ಲ ಬಿಡಿ' ಅಂದರು. ನಾನು ಆಗಲೂ ತಲೆಯಾಡಿಸಿದೆ. ಮೊದಲ ಬಹುಮಾನ ಯಾರ ಮನೆಗೆ ಹೋಯಿತು ಎಂದು ನೀವೇ ಊಹಿಸಿ.

ಕಾರ್ಯಕ್ರಮ ಮುಗಿದ ಮೇಲೆ ಆ ತಾಯಿ ಬಂದು ಕೇಳಿದರು: 'ಸರ್, ನಂದು ಏನ್ ತಪ್ಪಾಗ್ಯದ ಹೇಳ್ರಿ. ಮುಂದಿನ ಸಲ ಸುಧಾರಿಸ್ತೀನಿ.'

'ತುಂಬಾ ಚೆನ್ನಾಗಿತ್ತು ತಾಯಿ' ಅಂದೆ.

'ಮತ್ತ ಯಾಕ ಕೊಡ್ಲಿಲ್ರಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸಲ ಅವರು ಬರಲಿಲ್ಲ, ಅದರ ಮುಂದಿನ ಸಲವೂ ಇಲ್ಲ. 'ಮೈಸೂರು ಕಡೆಯವ್ರು ನಮ್ಮನ್ನ ಸೇರಿಸಿಕೊಳ್ಳಂಗಿಲ್ಲ' ಅಂತ ಯಾರ ಹತ್ತಿರವೋ ಹೇಳಿದರಂತೆ. ಅವರು ಹೇಳಿದ್ದು ನೆಪವಲ್ಲ, ನಿಜ. ಹೆಸರು ಮುಚ್ಚಿದ್ದ ಮೇಜಿನಲ್ಲಿ ನನ್ನ ಗೆಳೆಯ ಹೊರಗಿನವನಾಗಿರಲಿಲ್ಲ. ಕನ್ನಡದ ಬಾವುಟ ಕಟ್ಟಿದ್ದ ನಮ್ಮದೇ ಹಾಲಿನಲ್ಲಿ ಆ ತಾಯಿ ಹೊರಗಿನವರಾದರು. ಪರವೂರಿನಲ್ಲಿ ಕನ್ನಡ ಕಿವಿಗೆ ಬೀಳುವ ಒಂದೇ ಜಾಗ ಅವರಿಗೆ ತಪ್ಪಿತು. ಅದರಲ್ಲಿ ನನ್ನ ಪಾಲೂ ಇದೆ.

'ಹೆಂಡದ ಸ್ಪರ್ಧೆಯಿಂದ ಕನ್ನಡ ಸಂಘ ಪಾಠ ಕಲೀಬೇಕಾ?' ಎಂದು ಕೇಳುವವರಿದ್ದಾರೆ. ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ, ಮನೆಯಲ್ಲಿ ಮಾಡಿ ಎಂದೂ ಹೇಳುತ್ತಿಲ್ಲ. ಮದ್ಯದ ತಯಾರಿಕೆ ನಮ್ಮಲ್ಲಿ ರಾಜ್ಯಗಳ ವಿಷಯ, ಒಂದೊಂದು ಕಡೆ ಒಂದೊಂದು ಅಬಕಾರಿ ಕಾನೂನು, ಅದನ್ನು ತಿಳಿದುಕೊಂಡೇ ಕೈಹಾಕಬೇಕು. ಅಮೆರಿಕದಲ್ಲೂ ಮನೆ ಬಿಯರಿಗೆ ಒಕ್ಕೂಟ ಸರ್ಕಾರ ದಾರಿ ಬಿಟ್ಟಿದ್ದು 1978ರಲ್ಲಿ, ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ. ನಾನು ಕೇಳುತ್ತಿರುವುದು ಬಿಯರನ್ನಲ್ಲ, ಆ ಹಾಳೆಯನ್ನು.

'ಸಣ್ಣ ಸ್ಪರ್ಧೆಗೆ ಇಷ್ಟೆಲ್ಲ ಯಾಕೆ, ಸಂತೋಷಕ್ಕೆ ಮಾಡೋದು' ಎಂಬ ಮಾತೂ ಬರುತ್ತದೆ. ಸಂತೋಷಕ್ಕಾದರೆ ಎಲ್ಲರೂ ಕೂತು ಊಟ ಮಾಡಿ, ಬಹುಮಾನ ಬೇಡ. ಒಂದು ಎರಡು ಮೂರು ಎಂದು ಕರೆದು ವೇದಿಕೆ ಹತ್ತಿಸುವುದಾದರೆ ಕಾರಣ ಹೇಳುವ ಸಾಲ ನಿಮ್ಮ ತಲೆಯ ಮೇಲಿದೆ. 'ಸಮಾಧಾನಕರ ಬಹುಮಾನ' ಎಂಬ ಸ್ಟೀಲ್ ಲೋಟದಿಂದ ಅದು ತೀರುವುದಿಲ್ಲ.

ಊರಿನಲ್ಲಿರುವ ನೀವು ಇದನ್ನು ಹೊರನಾಡಿನವರ ಜಗಳ ಎಂದು ಪಕ್ಕಕ್ಕಿಡಬೇಡಿ. ಆ ಸ್ಪರ್ಧೆಯ ರೀತಿಯನ್ನು ನಾವು ಪುಣೆಯಲ್ಲಿ ಕಲಿತದ್ದಲ್ಲ, ಊರಿನಿಂದ ಹೊತ್ತು ತಂದದ್ದು. ಶಾಲೆಯ ಭಾಷಣ ಸ್ಪರ್ಧೆ, ಬಡಾವಣೆಯ ರಂಗೋಲಿ, ಕಥಾ ಸ್ಪರ್ಧೆ, ಎಲ್ಲೇ ಆಗಲಿ, ಸೋತ ಮಗುವಿನ ಕೈಗೆ ನಾಲ್ಕು ಸಾಲು ಬರೆದು ಕೊಟ್ಟಿದ್ದನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಖರ್ಚೇನೂ ಇಲ್ಲ. ಹೆಸರು ತೆಗೆದು ನಂಬರು ಹಾಕಿ. ಯಾವುದಕ್ಕೆ ಎಷ್ಟು ಅಂಕ ಎಂದು ಮೊದಲೇ ಹೇಳಿ. ಬೇಳೆ ಹೋಳಿಗೆಯೋ ಶೇಂಗಾ ಹೋಳಿಗೆಯೋ, ಮಾಡಿದವರೇ ಹೇಳಲಿ. ಅವರು ಹೇಳಿದ್ದಕ್ಕೆ ತಕ್ಕ ಹಾಗೆ ಅಳೆಯಿರಿ. ನಿಮ್ಮ ಮನೆಯ ತಟ್ಟೆ ಇರುವ ಮೇಜಿಗೆ ನೀವು ಕೂರಬೇಡಿ. ತೀರ್ಪುಗಾರರು ಮಾತಾಡುವ ಮೊದಲು ಬರೆಯಲಿ. ಬರೆದದ್ದನ್ನು ಎಲ್ಲರಿಗೂ ಕೊಡಿ.

ಗೆಳೆಯ ಮರುವರ್ಷ ರಾಗಿ ಬಿಯರನ್ನು ಅದರ ವಿಭಾಗಕ್ಕೇ ಹಾಕಿದ, ಎರಡು ವಾರ ಹೆಚ್ಚು ಕಾದ. 34 ಬಂತು. ಬಹುಮಾನ ಬರಲಿಲ್ಲ. ಆದರೆ 'ಹೊರಗಿನೋರು' ಎಂಬ ಮಾತೂ ಅವನ ಬಾಯಿಂದ ಬರಲಿಲ್ಲ. ಹಾಳೆ ಹಿಡಿದುಕೊಂಡು ನೇರ ಅಡುಗೆಮನೆಗೆ ಹೋದ. ಆ ಕಲಬುರಗಿಯ ತಾಯಿಗೂ ಅಷ್ಟೇ ಬೇಕಿತ್ತು.