ಹಿಟ್ಟಿನ ಪಕ್ಕದಲ್ಲಿ ಏನಿದೆ?

ರಾತ್ರಿ ಒಂಬತ್ತಾಯಿತೆಂದರೆ ಬಂಡೀಪುರದ ಕಾಡು ಹಾಯುವ ಹೆದ್ದಾರಿಗಳಿಗೆ ಗೇಟು ಬೀಳುತ್ತದೆ. 2009ರಿಂದ ಇರುವ ಕಟ್ಟುಪಾಡು ಇದು. ಮತ್ತೆ ತೆರೆಯುವುದು ಬೆಳಗ್ಗೆ ಆರಕ್ಕೆ. ಹಾಗಾಗಿ ತೆರಕಣಾಂಬಿಯಲ್ಲೋ ಗುಂಡ್ಲುಪೇಟೆಯಲ್ಲೋ ತರಕಾರಿ ತುಂಬಿಕೊಂಡ ಲಾರಿಗಳಿಗೆ ಸಂಜೆಯೆಲ್ಲ ಒಂದೇ ಧಾವಂತ. ಮದ್ದೂರು ಚೆಕ್‌ಪೋಸ್ಟಿನ ಕಡೆಗೆ ಹೋದರೆ ವಯನಾಡು, ಮೇಲುಕಾಮನಹಳ್ಳಿಯ ಕಡೆಗೆ ಹೋದರೆ ನೀಲಗಿರಿ. ಟೊಮೆಟೊ, ಬೀನ್ಸ್, ಕೋಸು, ಬೀಟ್‌ರೂಟು, ಸಣ್ಣ ಈರುಳ್ಳಿ, ನೇಂದ್ರ ಬಾಳೆ ಹೀಗೆ ಕೇರಳದ ಎಷ್ಟೋ ಅಡುಗೆಮನೆಗಳಿಗೆ ನಮ್ಮ ಚಾಮರಾಜನಗರ ಸೀಮೆಯೇ ಹಿತ್ತಲು. ಓಣಂ ಹತ್ತಿರ ಬಂದರೆ ಹೂವೂ ಅತ್ತಲೇ.

ಆ ಬೀನ್ಸನ್ನು ಕಿತ್ತು, ಆಯ್ದು, ಕ್ರೇಟಿಗೆ ತುಂಬಿದ ಹೆಂಗಸು ಮನೆಗೆ ಹೋಗಿ ಏನು ಉಣ್ಣುತ್ತಾಳೆ? ಆಹಾರ, ಆರೋಗ್ಯ ಎಂದು ಮಾತಿಗೆ ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನ್ನ ಎಣಿಕೆ. ಅವಳ ಮನೆಯಲ್ಲಿ ಅನ್ನ ಇರುತ್ತದೆ, ಪಡಿತರದ ಪುಣ್ಯದಿಂದ ಹಸಿದು ಮಲಗುವ ಕಾಲ ಬಹುಮಟ್ಟಿಗೆ ಹೋಯಿತು. ಅನ್ನದ ಪಕ್ಕದಲ್ಲಿ ತಿಳಿಯಾದ ಸಾರು ಇರುತ್ತದೆ. ಸಾರಿನೊಳಗೆ ಏನಿರುತ್ತದೆ ಎನ್ನುವಲ್ಲಿಗೆ ಮಾತು ತೊಡಕಾಗುತ್ತದೆ.

ಆದರೆ ನಾವು ಕೇಳುತ್ತ ಬಂದಿರುವುದು ಬೇರೆಯದನ್ನೇ. ಅನ್ನ ಒಳ್ಳೆಯದೋ, ರಾಗಿ ಒಳ್ಳೆಯದೋ? ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಈ ಪಂಚಾಯಿತಿ ಜೋರಾಯಿತು. ನಗರದ ಮೇಳಗಳಲ್ಲಿ ರಾಗಿ ಬಿಸ್ಕತ್ತು, ನವಣೆ ನೂಡಲ್ಸು ಸಾಲಾಗಿ ಕೂತವು. ಹಿಟ್ಟು ಉಂಡವನು ಬೆಟ್ಟವನ್ನೇ ಕಿತ್ತಿಟ್ಟ ಎಂಬ ಗಾದೆಗೆ ವೇದಿಕೆಯಲ್ಲಿ ಚಪ್ಪಾಳೆ ಬಿತ್ತು. ಗಾದೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬೆಟ್ಟ ಕಿತ್ತವನು ಬರೀ ಹಿಟ್ಟು ಉಂಡಿರಲಿಲ್ಲ. ಮನುಷ್ಯನ ಆರೋಗ್ಯವನ್ನು ತಟ್ಟೆಯ ನಡುವೆ ಕೂತ ಧಾನ್ಯಕ್ಕಿಂತ ಹೆಚ್ಚಾಗಿ ಅದರ ಪಕ್ಕದಲ್ಲಿ ಕೂತ ಕಾಳು, ಸೊಪ್ಪು, ಮೊಟ್ಟೆ, ಮಾಂಸ, ಮಜ್ಜಿಗೆಗಳು ನಿರ್ಧರಿಸುತ್ತವೆ. ಆ ಪಕ್ಕದ್ದು ನಮ್ಮ ಸೀಮೆಯಲ್ಲಿ ಸವೆದುಹೋಗಿದೆ, ಮತ್ತು ಅದಕ್ಕೆ ಜನರ ಅಜ್ಞಾನವನ್ನು ದೂರುವುದು ಅನ್ಯಾಯ.

ಮೊದಲು ಲೆಕ್ಕ ನೋಡೋಣ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರೊಳಗೆ. ಇಲ್ಲಿ ರಾಗಿಯ ಮುಂದೆ ಅಕ್ಕಿ ನಿಲ್ಲಲಾರದು, ನಾರಿನಂಶದಲ್ಲೂ ಅಷ್ಟೆ. ಪ್ರೋಟೀನಿಗೆ ಬಂದರೆ ರಾಗಿಯದು ಏಳು ಗ್ರಾಂ, ಅಕ್ಕಿಯದೂ ಏಳೆಂಟೇ. ರಾಗಿಯಲ್ಲಿ ಕಬ್ಬಿಣವಿದೆ, ನಿಜ. ಆದರೆ ಅದರ ಸಿಪ್ಪೆಯಲ್ಲಿರುವ ಟ್ಯಾನಿನ್, ಫೈಟೇಟುಗಳು ಆ ಕಬ್ಬಿಣದ ಬಹುಪಾಲನ್ನು ಮೈಗೆ ಹತ್ತಗೊಡುವುದಿಲ್ಲ. ಮೊಳಕೆ ಬರಿಸಿದರೆ, ಹುದುಗಿಸಿ ಅಂಬಲಿ ಮಾಡಿದರೆ ಆ ಕಟ್ಟು ಸಡಿಲವಾಗುತ್ತದೆ. ಜೊತೆಗೆ ನಿಂಬೆಯೋ ನೆಲ್ಲಿಯೋ ಇದ್ದರೆ ಇನ್ನೂ ಒಳ್ಳೆಯದು. ಉಂಡ ಕೂಡಲೇ ಟೀ ಕುಡಿದರೆ ಮತ್ತೆ ಬಿಗಿ. ಮಿಲ್ಲಿನಲ್ಲಿ ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯನ್ನು ಬರೀ ನೀರುಸಾರಿನಲ್ಲಿ ಅದ್ದಿ ನುಂಗುವ ಸಕ್ಕರೆ ಕಾಯಿಲೆಯವರು, ತಮಗೆ ಅನ್ನದಿಂದ ಬಿಡುಗಡೆಯಾಯಿತು ಎಂದು ನೆಮ್ಮದಿಯಾಗಿರುವ ಹಾಗಿಲ್ಲ. ಅದೇ ಮುದ್ದೆಯ ಪಕ್ಕದಲ್ಲಿ ಹುರುಳಿಕಾಳಿನ ಸಾರಿದ್ದರೆ ನೂರು ಗ್ರಾಂ ಕಾಳಿಗೆ ಇಪ್ಪತ್ತು ಗ್ರಾಂ ಮೀರಿದ ಪ್ರೋಟೀನು. ನುಗ್ಗೆಸೊಪ್ಪು ಬಿದ್ದರೆ ಸುಣ್ಣದಂಶ ಮತ್ತೊಂದು ಪಾಲು, ಕಣ್ಣಿಗೆ ಬೇಕಾದ ಎ ಅನ್ನಾಂಗವೂ ಬಂತು.

ಇದನ್ನು ಯಾವ ತಜ್ಞರೂ ಬಂದು ನಮ್ಮ ಅಜ್ಜಿಯರಿಗೆ ಹೇಳಿಕೊಡಲಿಲ್ಲ, ಹೊಲವೇ ಹಾಗಿತ್ತು. ಮಳೆ ನಂಬಿದ ರಾಗಿ ಹೊಲದಲ್ಲಿ ಕೆಲವು ಸಾಲಿಗೊಂದು ಅಕ್ಕಡಿ ಸಾಲು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ನಡುನಡುವೆ ಜೋಳ. ದ್ವಿದಳದ ಬೇರು ನೆಲಕ್ಕೆ ಸಾರಜನಕ ಕೊಡುತ್ತಿತ್ತು, ಕಾಯಿ ಮನೆಗೆ ಸಾರು ಕೊಡುತ್ತಿತ್ತು. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲಿ ನಿಂತು ಸೊಗಡು ಬೀರುತ್ತಿತ್ತು. ಮುಂಗಾರು ಕೈಕೊಟ್ಟರೆ ಹುರುಳಿ ಚೆಲ್ಲುವುದು ಇದ್ದೇ ಇತ್ತು. ಹಿಟ್ಟಿನ ಜೊತೆಗಾರರು ಹೊಲದಲ್ಲೇ ಅದರ ಜೊತೆಗೆ ಹುಟ್ಟುತ್ತಿದ್ದರು. ಯಾರೂ ಬಿತ್ತದೆ ಬರುತ್ತಿದ್ದವು ಬೇರೆ: ಅಣ್ಣೆ, ಗಣಿಕೆ, ಹೊನಗನ್ನೆ, ಕೀರೆ. ಕಳೆ ತೆಗೆಯಲು ಹೋದವರು ಮಡಿಲು ತುಂಬ ಬೆರಕೆ ಸೊಪ್ಪು ತಂದರೆ ರಾತ್ರಿಗೆ ಮಸ್ಸೊಪ್ಪೋ ಉಪ್ಸಾರೋ ಆಗುತ್ತಿತ್ತು. ಕಾಸಿನ ಖರ್ಚಿಲ್ಲ.

ಕೊಳವೆಬಾವಿ ಬಂದ ಮೇಲೆ ಈ ಚಿತ್ರ ಬದಲಾಯಿತು. ಟೊಮೆಟೊ, ಬಾಳೆ, ಅರಿಸಿನ, ಸೂರ್ಯಕಾಂತಿ, ಚೆಂಡುಹೂ ಬಂದವು. ಬಂದದ್ದು ತಪ್ಪೆಂದು ನಾನು ಹೇಳಲಾರೆ. ಮಗಳ ಫೀಸು, ಆಸ್ಪತ್ರೆಯ ಬಿಲ್ಲು, ಬೋರಿನ ಸಾಲ ಯಾವುದೂ ಅವರೆಕಾಯಿಯಿಂದ ತೀರುವಂಥದ್ದಲ್ಲ. ಆದರೆ ಟೊಮೆಟೊ ಹೊಲದಲ್ಲಿ ಅಕ್ಕಡಿಗೆ ಜಾಗವಿಲ್ಲ. ಕಳೆಗೆ ಆಳು ಸಿಗದೆ ಕಳೆನಾಶಕ ಹೊಡೆದ ನೆಲದಲ್ಲಿ ಅಣ್ಣೆಸೊಪ್ಪೂ ಇಲ್ಲ, ಇದ್ದರೂ ಕಿತ್ತು ತಿನ್ನಲು ಧೈರ್ಯ ಬೇಕು. ಬೀನ್ಸ್, ಕೋಸು ಬೆಳೆಯುವ ಮನೆಯಲ್ಲಿ ಬೀನ್ಸ್, ಕೋಸು ಬೇಯುವುದೇನೋ ಉಂಟು; ಕಾಳಿನ ಪ್ರೋಟೀನನ್ನೋ ಸೊಪ್ಪಿನ ಸತ್ವವನ್ನೋ ಅವು ತುಂಬಿಕೊಡಲಾರವು. ಕೂಲಿಯವರ ಮನೆಗೆ ಅದೂ ಬರುವುದು ಬೆಲೆ ಬಿದ್ದ ವಾರ ಮಾತ್ರ.

ಚೆಂಡುಹೂವಿನ ಕಥೆ ಸ್ವಲ್ಪ ಸ್ವಾರಸ್ಯದ್ದು. ಗುಂಡ್ಲುಪೇಟೆಯ ಹೂವಿನ ಹೊಲಗಳ ಮುಂದೆ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹೂವಿನ ಬಹುಪಾಲು ಹೋಗುವುದು ಬಣ್ಣ ತೆಗೆಯುವ ಕಾರ್ಖಾನೆಗೆ. ಅದರಲ್ಲಿರುವ ಲ್ಯೂಟಿನ್ ಎಂಬ ಹಳದಿ ವಸ್ತುವನ್ನು ಕೋಳಿಯ ಮೇವಿಗೆ ಬೆರೆಸಿದರೆ ಮೊಟ್ಟೆಯ ಭಂಡಾರಕ್ಕೆ ಒಳ್ಳೆಯ ಬಣ್ಣ ಬರುತ್ತದೆ. ಮಾತ್ರೆಗೆ ತುಂಬಿದರೆ ಕಣ್ಣಿನ ಆರೋಗ್ಯಕ್ಕೆಂದು ದುಬಾರಿ ಬೆಲೆಗೆ ಮಾರಬಹುದು. ಅದೇ ಲ್ಯೂಟಿನ್ ನಮ್ಮ ದಂಟಿನಲ್ಲಿ, ಕೀರೆಯಲ್ಲಿ, ನುಗ್ಗೆಸೊಪ್ಪಿನಲ್ಲಿ ಧಾರಾಳವಾಗಿದೆ. ಹೊಲದಿಂದ ಸೊಪ್ಪು ಹೋಯಿತು, ಸೊಪ್ಪಿನ ಗುಣ ಹೂವಿನಿಂದ ಹೊರಟು ಔಷಧಿ ಅಂಗಡಿ ಸೇರಿತು.

ಸೊಪ್ಪು ಸಂತೆಯಲ್ಲಿ ಸಿಗುವುದಿಲ್ಲವೇ ಎನ್ನಬಹುದು. ಸಿಗುತ್ತದೆ. ಅದನ್ನು ಬಿಡಿಸಲು, ಸೋಸಲು, ತೊಳೆದು ಮಸೆಯಲು ಒಂದು ಗಂಟೆ ಬೇಕು. ಬೆಳಗ್ಗೆ ಏಳಕ್ಕೆಲ್ಲ ಕೂಲಿಯ ಗಾಡಿ ಹತ್ತುವ ಹೆಂಗಸಿಗೆ ಆ ಗಂಟೆಯನ್ನು ಕೊಡುವವರು ಯಾರು? ಪೌಷ್ಟಿಕ ಆಹಾರದ ಭಾಷಣಗಳಲ್ಲಿ ಎಲ್ಲ ಸಾಮಾನುಗಳ ಪಟ್ಟಿ ಇರುತ್ತದೆ, ಹೆಂಗಸಿನ ಸಮಯದ ಬೆಲೆ ಮಾತ್ರ ಇರುವುದಿಲ್ಲ. ಮಗು ರಂಪ ಮಾಡಿದರೆ ಪೆಟ್ಟಿಗೆ ಅಂಗಡಿಯಲ್ಲಿ ಐದು ರೂಪಾಯಿಯ ಪೊಟ್ಟಣ ಗಾಳಿಯಲ್ಲಿ ತೂಗುತ್ತಿರುತ್ತದೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಸಾರಿನ ತಿಳಿ ಅಡುಗೆ ಮಾಡಿದವಳ ಪಾಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ; ಐದರೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದೇ ಸಮೀಕ್ಷೆಯಲ್ಲಿ ಶೇ 30.1ರಷ್ಟು ಹೆಂಗಸರ ತೂಕ ಮಿತಿಮೀರಿದೆ. ಹೊಟ್ಟೆ ತುಂಬಿಯೂ ಮೈಗೆ ಹತ್ತದ ಊಟದ ಗುರುತು ಈ ಮೂರೂ ಅಂಕಿಗಳಲ್ಲಿದೆ.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುತ್ತಾರೆ. ನಾನು ಅವರ ಜೊತೆ ಹೋಗಲಾರೆ. ಅಕ್ಕಡಿ ಸಾಲು ಇದ್ದದ್ದು ಹೊಲ ಇದ್ದವರಿಗೆ. ಜೀತದಾಳಿನ, ಕೂಲಿಯವರ ಪಾಲಿಗೆ ಬರುತ್ತಿದ್ದದ್ದು ಒಂದಿಷ್ಟು ರಾಗಿ, ಅದೂ ಸುಗ್ಗಿಯ ತಿಂಗಳುಗಳಲ್ಲಿ. ಪಕ್ಕದ ನಂಜನಗೂಡು ಸೀಮೆಯ ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಒಂದು ಮನೆಯವರೆಲ್ಲ ಸುತ್ತ ಕೂತು ಮೂಟೆ ಕಡಲೆಕಾಯಿಯನ್ನು ರಾತ್ರೋರಾತ್ರಿ ತಿಂದು ಮುಗಿಸುತ್ತಾರೆ. ಮೈಗೆ ಬೇಕಾದ್ದು ತಟ್ಟೆಗೆ ಬಾರದಿದ್ದಾಗ ಮನುಷ್ಯ ಅದನ್ನು ಹೇಗೆ ಹುಡುಕಿಕೊಳ್ಳುತ್ತಾನೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪೌಷ್ಟಿಕತೆಯ ಪಾಠ ನಾನು ಓದಿಲ್ಲ. ಇನ್ನೂ ಹಿಂದೆ ಹೋದರೆ 1876–78ರ ಧಾತು–ಈಶ್ವರ ಸಂವತ್ಸರಗಳ ಮಹಾಬರ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹಗೇವಿನಲ್ಲಿ ರಾಗಿ ತುಂಬಿಟ್ಟಿದ್ದವರು ಉಳಿದರು, ಹಗೇವೇ ಇಲ್ಲದವರು ಹೋದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ನಮ್ಮದನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದದ್ದು, ಆಮೇಲೆ ಪಡಿತರ ಬಂದದ್ದು ಸಣ್ಣ ಉಪಕಾರವಲ್ಲ. ಹೊಟ್ಟೆ ತುಂಬುವ ಪ್ರಶ್ನೆಯನ್ನು ಆ ತಲೆಮಾರು ಬಗೆಹರಿಸಿತು. ಅದಾದ ಮೇಲಿನ ಪ್ರಶ್ನೆಯನ್ನು ನಾವು ಹಾಗೇ ಇಟ್ಟುಕೊಂಡು ಕೂತಿದ್ದೇವೆ.

ಹಿಟ್ಟಿನ ಪಕ್ಕದ್ದು ಕಳೆದುಹೋದ ಬಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಇನ್ನೂ ಸ್ಪಷ್ಟ. ಅವರು ರಾಗಿ, ಅವರೆ, ಸಾಸಿವೆ, ಕುಂಬಳ, ಕೀರೆಗಳನ್ನು ಒಂದೇ ತುಂಡು ನೆಲದಲ್ಲಿ ಬೆಳೆದು, ಕಾಡಿನ ಗೆಣಸು, ಸೊಪ್ಪು, ಹಣ್ಣು, ಜೇನು ತಂದು ಉಣ್ಣುತ್ತಿದ್ದವರು. 1970ರ ದಶಕದಲ್ಲಿ ಕಾಡು ಅಭಯಾರಣ್ಯವಾಯಿತು, ಅವರ ಬೇಸಾಯದ ಜಾಗ ಬದಲಿಸುವ ಪದ್ಧತಿ ನಿಂತಿತು, ಬದುಕು ಪೋಡು ಎಂಬ ವಸತಿಗಳಿಗೆ ಇಳಿಯಿತು. ತಟ್ಟೆಗೆ ಪಡಿತರದ ಅಕ್ಕಿ ಬಂತು, ಪಕ್ಕದ್ದೆಲ್ಲ ಕಾಡಿನಲ್ಲೇ ಉಳಿಯಿತು. ಅವರು ಕೊಯ್ದು ತಂದ ನೆಲ್ಲಿಕಾಯಿ ಊರಿನವರ ಉಪ್ಪಿನಕಾಯಿಯಾಗುತ್ತದೆ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ಸಿಕ್ಕವು. ಅದನ್ನು ಜೀವನೋಪಾಯ ಎಂದಷ್ಟೇ ಓದುತ್ತೇವೆ, ಅದು ಊಟದ ಹಕ್ಕೂ ಹೌದು. ಇಲ್ಲಿ ಒಂದು ಎಚ್ಚರವನ್ನೂ ಹೇಳಬೇಕು. ಆಹಾರವೇ ಔಷಧ ಎಂದು ಹೇಳಿಕೊಂಡು ತಿರುಗುವವರು ಸೋಲಿಗರಲ್ಲಿ ಕಾಣುವ ಕುಡಗೋಲು ಕಣ ರಕ್ತಹೀನತೆಯನ್ನು ನೆನಪಿಡಲಿ. ಅದು ಹುಟ್ಟಿನಿಂದ ಬರುವ ಕಾಯಿಲೆ. ಯಾವ ಸೊಪ್ಪೂ ಯಾವ ರಾಗಿಯೂ ಅದನ್ನು ವಾಸಿ ಮಾಡುವುದಿಲ್ಲ, ಅದಕ್ಕೆ ರಕ್ತ ಪರೀಕ್ಷೆ, ವೈದ್ಯರು, ಬಾಳಿನುದ್ದದ ಆರೈಕೆ ಬೇಕು. ಡಾ. ಎಚ್. ಸುದರ್ಶನ್ 1981ರಲ್ಲಿ ಬೆಟ್ಟದ ಮೇಲೆ ಗಿರಿಜನ ಕಲ್ಯಾಣ ಕೇಂದ್ರ ತೆರೆದು ಮಾಡಿದ ಕೆಲಸದ ಬೆಲೆ ತಿಳಿಯುವುದು ಇಂಥಲ್ಲಿ.

ಪಕ್ಕದಲ್ಲಿ ಏನಿರಬೇಕು ಎನ್ನುವಾಗ ಯಾರದೋ ಮಡಿಯೂ ಅಡ್ಡ ಬರುತ್ತದೆ. 2021ರಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಡಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದ್ದು ನೆನಪಿರಬಹುದು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಉತ್ತಮ ಪ್ರೋಟೀನು, ಜೊತೆಗೆ ಸೊಪ್ಪುಕಾಳುಗಳಲ್ಲಿ ಸಿಗದ ಬಿ12 ಅನ್ನಾಂಗ ಇದೆ. ಸುಲಿದರೆ ಸಾಕು, ಅಡುಗೆಯವರಿಗೂ ಹೊರೆಯಿಲ್ಲ, ಕಲಬೆರಕೆಗೂ ಎಡೆಯಿಲ್ಲ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ತಿನ್ನುವ ಮಗುವಿನ ತಟ್ಟೆಯಿಂದ ಮೊಟ್ಟೆ ಎತ್ತಿಡುವ ಅಧಿಕಾರ ಯಾರಿಗೂ ಇಲ್ಲ. ನಮ್ಮದೇ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ, ಸಿದ್ದಪ್ಪಾಜಿಯ ಜಾತ್ರೆಯ ಪಂಕ್ತಿಸೇವೆಯ ದಿನ, ಜಾತಿ ಕೇಳದೆ ಸಾಲಾಗಿ ಕೂತು ಬಾಡೂಟ ಉಣ್ಣುವ ಪರಂಪರೆ ಇದೆ. ಪೌಷ್ಟಿಕತೆಯ ಯೋಜನೆ ಬರೆಯುವವರು ಒಮ್ಮೆ ಆ ಪಂಕ್ತಿಯಲ್ಲಿ ಕೂತು ಎದ್ದರೆ ಒಳ್ಳೆಯದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ದೊಡ್ಡವರಿಗೆ ದಿನಕ್ಕೆ 85 ಗ್ರಾಂ ಕಾಳು, 400 ಗ್ರಾಂ ತರಕಾರಿ, ಅದರಲ್ಲಿ 100 ಗ್ರಾಂ ಸೊಪ್ಪು ಬೇಕೆನ್ನುತ್ತದೆ. ಐದು ಮಂದಿಯ ಮನೆಗೆ ತಿಂಗಳಿಗೆ ಹನ್ನೆರಡು ಕಿಲೋ ಮೀರಿ ಕಾಳು. ಮಕ್ಕಳದ್ದು ಕಡಿಮೆ ಎಂದು ಕಳೆದರೂ ಹತ್ತು ಕಿಲೋ. ಕೂಲಿಯ ದುಡ್ಡಿನಲ್ಲಿ ಇಷ್ಟು ಕೊಳ್ಳುವವರನ್ನು ನಾನು ಕಂಡಿಲ್ಲ. 2013ರಿಂದ ಅನ್ನಭಾಗ್ಯದ ಜಗಳವೆಲ್ಲ ಅಕ್ಕಿ ಐದು ಕಿಲೋವೋ ಹತ್ತೋ ಎಂಬುದರ ಸುತ್ತಲೇ ನಡೆಯಿತು. ನಮ್ಮ ಕಡೆ ಪಡಿತರದಲ್ಲಿ ರಾಗಿ ಸೇರಿದ್ದು ಸ್ವಾಗತಾರ್ಹ, ಆದರೆ ಅದೂ ಧಾನ್ಯವೇ. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಒಪ್ಪಿದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಅದರಲ್ಲಿ ದೂರದಿಂದ ತರಿಸಿದ ಬೇಳೆಯ ಜೊತೆಗೆ ಚಾಮರಾಜನಗರದ ಹುರುಳಿ, ಅವರೆ, ಅಲಸಂದೆಗಳನ್ನು ಬೆಂಬಲ ಬೆಲೆ ಕೊಟ್ಟು ಕೊಂಡು ಸೇರಿಸಿದರೆ ಅಕ್ಕಡಿ ಸಾಲಿಗೂ ಕಾಸು ಹುಟ್ಟುತ್ತದೆ, ರೈತ ಅದನ್ನು ಮತ್ತೆ ಬಿತ್ತುತ್ತಾನೆ. ಅಂಗನವಾಡಿಯ ಹಿತ್ತಲಿಗೆ ಎರಡು ನುಗ್ಗೆ ಮರ ಹಾಕಲು ಯಾವ ಸಂಪುಟವೂ ಬೇಕಿಲ್ಲ, ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಅಕ್ಕಿ ಎಷ್ಟು ಬಂತು ಎಂದು ಕೇಳುವವರು, ಕಾಳು ಎಷ್ಟು ಬಂತು ಎಂದೂ ಕೇಳಲಿ.