ಹಲಗೆಯ ಮೇಲೆ ಗೆಟ್ಟೂ ಗೇಟೇ

‘ಏನ್ ಮಾಡ್ಲಾಕತ್ತೀಯೋ?’

ಮಹಾರಾಷ್ಟ್ರದ ಜತ್ತ ತಾಲೂಕಿನ ಉಮದಿಯ ಓಣಿಯಲ್ಲಿ ಅವ್ವ ಮಗನನ್ನು ಹೀಗೆ ಕೂಗುತ್ತಾಳೆ. ಬಿಡಿಸಿದರೆ ಅದು ‘ಮಾಡಲಿಕ್ಕೆ ಹತ್ತೀಯೋ’. ಸ್ವರಗಳು ಸವೆದು, ಹ ಉದುರಿ, ಎರಡು ಮಾತು ಒಂದಾಗಿವೆ. ಇಂಗ್ಲಿಷಿನ ‘ಗೋಯಿಂಗ್ ಟು’ ಬಾಯಲ್ಲಿ ‘ಗೊನ್ನಾ’ ಆಗುವುದೂ ಇಂಥದೇ ಸವೆತ. ಅದಕ್ಕೆ ‘ಕನೆಕ್ಟೆಡ್ ಸ್ಪೀಚ್’ ಎಂದು ಹೆಸರಿಟ್ಟು, ಶಹರಗಳಲ್ಲಿ ಬೋರ್ಡು ಹಚ್ಚಿ ಫೀ ಎಣಿಸಿಕೊಳ್ಳುತ್ತಾರೆ. ನಮ್ಮವ್ವ ನುಂಗಿ ಮಾತಾಡಿದರೆ ಹಳ್ಳಿ ಭಾಷೆ, ಲಂಡನ್ನಿನವ ನುಂಗಿದರೆ ಸಿಲೆಬಸ್ಸು!

ಹೀಗೆ ಮಾತು ಮಾತು ಕೂಡುವುದಕ್ಕೆ ನಮ್ಮಲ್ಲಿ ‘ಸಂಧಿ’ ಎಂಬ ಹೆಸರಿದೆ. ಆ ಪದವನ್ನೇ ಜಗತ್ತಿನ ಭಾಷಾಶಾಸ್ತ್ರ ಸಂಸ್ಕೃತ ವ್ಯಾಕರಣಗಳಿಂದ ಎತ್ತಿಕೊಂಡಿದೆ. ಕನ್ನಡದಲ್ಲಿ 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೇ ಒಂದು ಪ್ರಕರಣ ಮೀಸಲಿಟ್ಟ. ಗುರು ಅನ್ನು ಸೇರಿ ಗುರುವನ್ನು; ಗೋ ಆನ್ ಸೇರಿದರೆ ಗೋವಾನ್. ಮನೆ ಅಲ್ಲಿ ಸೇರಿ ಮನೆಯಲ್ಲಿ. ಸೀ ಇಟ್ ಸೇರಿದರೆ ಸೀಯಿಟ್. ಅದೇ ವ, ಅದೇ ಯ. ‘ಟೆನ್ ಬಾಯ್ಸ್’ ಎನ್ನುವಾಗ ಆ ನ ಹೋಗಿ ಮ ಬರುತ್ತದೆ ಎಂದು ಪುಸ್ತಕಗಳು ಬೆರಗಿನಿಂದ ಹೇಳುತ್ತವೆ. ನಮ್ಮ ಸೊನ್ನೆ ಯಾವಾಗಲೂ ಮಾಡುವುದು ಅದನ್ನೇ: ತಂದೆಯಲ್ಲಿ ನ, ತಂಬಿಗೆಯಲ್ಲಿ ಮ. ಇಷ್ಟನ್ನು ಬಾಯಲ್ಲೇ ಇಟ್ಟುಕೊಂಡು ಸಾಲಿಗೆ ಬರುವ ಕೂಸಿಗೆ ನಾವು ಏನು ಮಾಡುತ್ತೇವೆ? ‘ದಿಸ್. ಈಸ್. ಎ. ಪೆನ್.’ ಎಂದು ಕಲ್ಲು ಒಡೆಸುತ್ತೇವೆ.

ಮಹಾರಾಷ್ಟ್ರ 2000ದಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ತಂದಿತು. ತಂದದ್ದು ತಪ್ಪಲ್ಲ, ಬಡವರ ಮಕ್ಕಳಿಗೆ ಇಂಗ್ಲಿಷ್ ಬೇಕೇ ಬೇಕು. ಆದರೆ ಜತ್ತ ತಾಲೂಕಿನ ಕನ್ನಡ ಸಾಲಿಗಳಿಗೆ ಅದು ಯಾರ ಕೈಹಿಡಿದು ಬರಬೇಕು? 2024ರಲ್ಲಿ ಈ ಸಾಲಿಗಳಲ್ಲಿ ಕೆಲವಕ್ಕೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಕಳಿಸಿದರು. ಪುಣೆಯ ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಅದನ್ನು ಓದಲಾರದವರನ್ನು ಸರಕಾರ ಹಲಗೆಯ ಮುಂದೆ ನಿಲ್ಲಿಸಿತು. ಆ ಗುರುಗಳ ಮೇಲೆ ನನಗೆ ಸಿಟ್ಟಿಲ್ಲ. ಬಾರದ ಭಾಷೆಯ ಮಕ್ಕಳ ನಡುವೆ ದಿನ ದೂಡುವುದು ಅವರಿಗೂ ಶಿಕ್ಷೆಯೇ.

ಈಗ ಆ ಹಲಗೆ ನೋಡಿ. ಇಂಗ್ಲಿಷ್ ಶಬ್ದದ ಪಕ್ಕದಲ್ಲಿ ಉಚ್ಚಾರ ಬರೆಯಬೇಕು. ಬರೆಯುವ ಕೈಗೆ ಗೊತ್ತಿರುವುದು ದೇವನಾಗರಿ. ಮರಾಠಿಯಲ್ಲಿ ಎ ಮತ್ತು ಏ ಬೇರೆಯಿಲ್ಲ, ಒ ಮತ್ತು ಓ ಬೇರೆಯಿಲ್ಲ. ‘ಪಡೆ’ ಎನ್ನುವ ಗೆಟ್ಟೂ ಬಾಗಿಲಿನ ಗೇಟೂ ಅಲ್ಲಿ ಒಂದೇ ಬರಹ. ಬರೆಯುವ ಪೆನ್ನೂ ನೋವಿನ ಪೇನೂ ಒಂದೇ. ಎರಡನ್ನೂ ಬೇರೆ ಮಾಡಿ ತೋರಿಸುವ ಅಕ್ಷರ ಆ ಮಗುವಿನ ಸ್ವಂತ ಲಿಪಿಯಲ್ಲಿದೆ. ಕೊಡು ಎಂದರೆ ನೀಡು, ಕೋಡು ಎಂದರೆ ಕೊಂಬು ಎಂಬುದು ಅದಕ್ಕೆ ಹಾಲು ಕುಡಿದಷ್ಟು ಸಲೀಸು. ಕೈಯಲ್ಲಿದ್ದ ಬೀಗದಕೈ ಕಸಿದು ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿ, ‘ಈ ಹುಡುಗನಿಗೆ ಇಂಗ್ಲಿಷ್ ಹತ್ತುವುದಿಲ್ಲ’ ಎಂದು ಷರಾ ಬರೆಯುತ್ತಾರೆ!

ಮರಾಠಿಯಿಂದ ಕಲಿಯಬೇಕಾದದ್ದೂ ಇದೆ. ಬ್ಯಾಟಿಗೂ ಬಾಲಿಗೂ ಅದು ಅಕ್ಷರದ ತಲೆಯ ಮೇಲೆ ಅರ್ಧಚಂದ್ರ ಇಟ್ಟುಕೊಂಡಿದೆ. ನಮ್ಮಲ್ಲಿ ಅದಿಲ್ಲ, ಕಡ ತರೋಣ. ಕೊಡುಕೊಳ್ಳುವುದಕ್ಕೆ ಜತ್ತಿನವರು ಎಂದೂ ಹಿಂಜರಿದವರಲ್ಲ. ತರಗತಿಗೆ ನಾವು ಅನ್ನುವ ‘ಇಯತ್ತೆ’ ಎಂಬ ಮಾತೇ ಮರಾಠಿಯದು.

ಇನ್ನು ಉಚ್ಚಾರದ ಪೊಲೀಸರು. ‘ಇಸ್ಕೂಲ್’ ಎಂದವನನ್ನು ನೋಡಿ ಸಂದರ್ಶನದ ಮೇಜಿನಾಚೆ ಮೂಗು ಮುರಿಯುವವರು. ಇಂಗ್ಲೆಂಡಿನ ಭಾಷಾಶಾಸ್ತ್ರಜ್ಞೆ ಜೆನಿಫರ್ ಜೆಂಕಿನ್ಸ್ 2000ದಲ್ಲೇ ಪುಸ್ತಕ ಬರೆದು ಹೇಳಿದರು: ಬೇರೆ ಬೇರೆ ನಾಡಿನವರು ಇಂಗ್ಲಿಷಿನಲ್ಲಿ ಪರಸ್ಪರ ತಿಳಿದುಕೊಳ್ಳಲು ‘ದಿಸ್’, ‘ಥಿಂಕ್’ಗಳ ಆ ನಾಲಿಗೆ ಕಚ್ಚುವ ಸದ್ದು ಬೇಕಿಲ್ಲ, ಕಿರುಪದಗಳನ್ನು ಲಂಡನ್ನಿನವರಂತೆ ನುಂಗಬೇಕಿಲ್ಲ, ಆದರೆ ಸ್ವರದ ಹ್ರಸ್ವ ದೀರ್ಘ ಕೆಡಬಾರದು. ಹ್ರಸ್ವ ದೀರ್ಘ! ನಮ್ಮ ಮಕ್ಕಳ ಮುಂದಿನ ಹಲಗೆಯ ಮೇಲಿಂದ ಅಳಿಸಿಹಾಕಿದ್ದು ಅದನ್ನೇ.

ಜತ್ತ ತಾಲೂಕಿನ ಸಂಖದ ನಾಕನೇ ಇಯತ್ತೆಯ ಹುಡುಗಿಗೆ ಸೀಮೆಸುಣ್ಣ ಕೊಡಿ. ಗೋ ಬರೆಯಲಿ, ಆನ್ ಬರೆಯಲಿ. ನಡುವೆ ಏನು ಬರುತ್ತದೆಂದು ಕನ್ನಡದಲ್ಲಿ ಕೇಳಿ. ಕೇಳಲು ಕನ್ನಡ ಬಲ್ಲ ಒಬ್ಬ ಗುರುವನ್ನು ಮೊದಲು ಕಳಿಸಿ.