ಮೊದಲು ಪರೀಕ್ಷೆ, ಆಮೇಲೆ ದೂರು

ಮನೆಗೆ ತಂದ ಹೊಸ ಯಂತ್ರ ಕೆಟ್ಟರೆ ನಾವು ಮೊದಲು ಮಾಡುವ ಕೆಲಸ ಅದನ್ನು ಕೊಟ್ಟವರನ್ನು ಬೈಯುವುದು. ಈ ಮಳೆಗಾಲದಲ್ಲಿ ನಮ್ಮ ಮನೆಯಲ್ಲೂ ಅದೇ ಆಯಿತು. ಬೈಸಿಕೊಂಡವರದು ತಪ್ಪಿರಲಿಲ್ಲ, ತಪ್ಪು ನನ್ನದು. ಇದನ್ನು ಎಲ್ಲರೂ ಓದುವ ಹಾಗೆ ಬರೆಯಲು ಕಾರಣವಿದೆ. ನಮ್ಮ ಕಾಲೇಜಿನ ಲ್ಯಾಬ್‌ನಲ್ಲೂ ನಾವು ಇದನ್ನೇ ಮಾಡುತ್ತಿದ್ದೇವೆ.

ನಮ್ಮ ಮನೆ ತ್ಯಾವರೆಕೊಪ್ಪದಲ್ಲಿ, ಸಿಂಹಧಾಮದ ಹತ್ತಿರ. ಬಿ.ಕಾಂ. ಮುಗಿಸಿದ ನನ್ನ ಅಕ್ಕ ಮನೆಯಲ್ಲೇ ಕೂತು ಎರಡು ಮೂರು ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆದುಕೊಡುತ್ತಾಳೆ. ಅವಳಿಗಾಗಿ ಅಬ್ಬಾ ಜೂನ್‌ನಲ್ಲಿ ಒಂದು ಡೆಸ್ಕ್‌ಟಾಪ್ ಜೋಡಿಸಲು ಕೊಟ್ಟರು. ಜೋಡಿಸಿದವರು ನಮ್ಮ ಕಾಲೇಜಿನಲ್ಲೇ ಓದಿದ ಹಿರಿಯ ವಿದ್ಯಾರ್ಥಿ. ಶಿವಮೊಗ್ಗದಿಂದ ಬಸ್ಸಿನಲ್ಲಿ ಸಾಮಾನು ಹೊತ್ತು ತಂದು, ನಮ್ಮ ಮನೆಯ ನೆಲದ ಮೇಲೆ ಚಾಪೆ ಹಾಸಿ ಕೂತು, ಮಗ್ರಿಬ್ ಹೊತ್ತಿಗೆ ಎಲ್ಲ ಮುಗಿಸಿದರು. ಕೂಲಿಯ 1,500 ರೂಪಾಯಿ ಬಾಕಿ ಇತ್ತು. ತಿಂಗಳ ಕೊನೆಗೆ ಕೊಡುವುದಾಗಿ ಅಬ್ಬಾ ಹೇಳಿದ್ದರು.

ಎರಡು ವಾರ ಕಂಪ್ಯೂಟರ್ ಚೆನ್ನಾಗಿ ನಡೆಯಿತು. ಆಮೇಲೆ ಕೆಲಸದ ನಡುವೆ ತಾನಾಗಿ ಆಫ್ ಆಗಿ ಆನ್ ಆಗತೊಡಗಿತು. ಒಂದು ದಿನ ಮೂರು ಸಲ, ಮತ್ತೆರಡು ದಿನ ಒಂದು ಸಲವೂ ಇಲ್ಲ. ಕೆಲವೊಮ್ಮೆ ನೀಲಿ ಪರದೆ ಬರುತ್ತಿತ್ತು, ಅದರ ಮೇಲಿನ ಬರಹ ಪ್ರತಿ ಸಲ ಬೇರೆ. ಅಕ್ಕ ಅರ್ಧ ದಿನದ ಎಂಟ್ರಿಗಳನ್ನು ಮತ್ತೆ ಕೂತು ತಾಳೆ ನೋಡುತ್ತಿದ್ದಳು.

ಅಬ್ಬಾ ಕರೆಂಟಿನದೇ ತೊಂದರೆ ಎಂದರು. ಭದ್ರಾವತಿಯ ನಮ್ಮ ಮಾಮು ಮಗ ವೈರಸ್ ಎಂದ. ಅವನ ಮಾತು ಕೇಳಿ ಎರಡು ಸಲ ವಿಂಡೋಸ್ ಫಾರ್ಮ್ಯಾಟ್ ಮಾಡಿದೆವು. ಎರಡು ಸಲವೂ ಎರಡೇ ದಿನಕ್ಕೆ ಮತ್ತೆ ಅದೇ ಕಥೆ. ಕೊನೆಗೆ ನಾನು ಈವೆಂಟ್ ವ್ಯೂವರ್ ತೆರೆದು ನೋಡಿದೆ. ಸಾಲುಸಾಲಾಗಿ ‘ಕರ್ನೆಲ್-ಪವರ್ 41’ ಎಂದಿತ್ತು. ‘ಪವರ್’ ಎಂಬ ಪದ ಕಂಡದ್ದೇ ತಡ, “ಅವರು ಹಾಕಿದ ಎಸ್‌ಎಂಪಿಎಸ್ ಕಳಪೆ” ಎಂದು ಅಬ್ಬಾಗೆ ಹೇಳಿಬಿಟ್ಟೆ.

ಅಬ್ಬಾ ಫೋನ್ ಮಾಡಿದರು. ಆ ಕಡೆಯಿಂದ ಅವರು ಕೇಳಿದ್ದು ಒಂದೇ ಮಾತು: “ಚಾಚಾ, ನಾನು ಕೊಟ್ಟ ಮೇಲೆ ಹೊಸದಾಗಿ ಏನಾದರೂ ಹಾಕಿದ್ದೀರಾ?” ಅಬ್ಬಾ ಇಲ್ಲ ಎಂದರು. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಟ್ಯಾಲಿ ಮತ್ತು ಬ್ರೌಸರ್ ಒಟ್ಟಿಗೆ ತೆರೆದರೆ ನಿಧಾನ ಎಂದು ಅಕ್ಕ ಹೇಳಿದ್ದಕ್ಕೆ, ಮಾಮು ಮಗನ ಹಳೆಯ ಕಂಪ್ಯೂಟರಿನ 8 ಜಿಬಿ ರ‍್ಯಾಮ್ ತಂದು ವಿಡಿಯೊ ನೋಡಿಕೊಂಡು ನಾನೇ ಹಾಕಿದ್ದೆ. ಹಾಕಿದ ಮೇಲೆ ಮೂರು ದಿನ ಸರಿಯಾಗೇ ನಡೆದಿತ್ತಲ್ಲ ಎಂದು ಪಕ್ಕದಲ್ಲಿ ನಿಂತಿದ್ದೂ ಸುಮ್ಮನಾದೆ. ಅಬ್ಬಾ ಬಾಕಿ ದುಡ್ಡು ತಡೆದರು. ಅವರಿಂದಲೇ ಕಂಪ್ಯೂಟರ್ ಮಾಡಿಸಬೇಕೆಂದಿದ್ದ ನಮ್ಮ ಇಬ್ಬರು ನೆಂಟರಿಗೆ “ಅಲ್ಲಿ ಬೇಡ” ಎಂದೂ ಹೇಳಿದರು.

ನನಗೆ ದಾರಿ ತೋರಿಸಿದ್ದು ನಮ್ಮ ಅಕೌಂಟೆನ್ಸಿ ತರಗತಿ. ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದರೆ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಪಟ್ಟಿ ಕೂಡುತ್ತದೆ, ತಪ್ಪು ಮಾತ್ರ ಒಳಗೇ ಇರುತ್ತದೆ. ಅದನ್ನು ಹುಡುಕಿ ಸರಿಪಡಿಸುವವರೆಗೆ ಆ ಖಾತೆ ಮುಚ್ಚುವುದಿಲ್ಲ. ನಾವು ಮಾಡಿದ ಎರಡು ಫಾರ್ಮ್ಯಾಟ್‌ಗಳೂ ಸಸ್ಪೆನ್ಸ್ ಅಕೌಂಟೇ ಎಂದು ಆ ದಿನ ಅನ್ನಿಸಿತು. 41 ಎಂಬ ಸಂಖ್ಯೆಯ ಅರ್ಥವನ್ನೂ ಸರಿಯಾಗಿ ಓದಿದೆ. ಯಂತ್ರ ಕ್ರಮವಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದಷ್ಟೇ ಅದು ಹೇಳುತ್ತದೆ, ಏಕೆ ನಿಂತಿತು ಎಂದು ಹೇಳುವುದಿಲ್ಲ. ಟ್ರಯಲ್ ಬ್ಯಾಲೆನ್ಸಿನ ವ್ಯತ್ಯಾಸವೂ ಹಾಗೆಯೇ. ತಪ್ಪಿದೆ ಎನ್ನುತ್ತದೆ, ಯಾವ ಪುಟದಲ್ಲಿ ಎನ್ನುವುದಿಲ್ಲ.

ಒಂದು ನೋಟ್‌ಬುಕ್ ತೆಗೆದು ಕ್ಯಾಶ್‌ಬುಕ್ಕಿನ ಹಾಗೆ ಗೆರೆ ಎಳೆದೆ. ದಿನಾಂಕ, ಸಮಯ, ಆಗ ಏನು ಕೆಲಸ ನಡೆದಿತ್ತು, ಪರದೆಯಲ್ಲಿ ಏನು ಬಂತು, ನಾನು ಏನು ಬದಲಿಸಿದೆ. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಸರಿಹೋದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಮೊದಲು ಬೇರೆ ಕೋಣೆಯ ಪ್ಲಗ್ಗಿಗೆ ಹಾಕಿ ಮೂರು ದಿನ ಕಾದೆ. ಮತ್ತೆ ಕೈಕೊಟ್ಟಿತು. ಪ್ರಿಂಟರ್ ತೆಗೆದು ಕಾದೆ. ಪ್ರೊಸೆಸರ್‌ನ ಬಿಸಿ ಎಷ್ಟೆಂದು ನೋಡಿದೆ, ಹೆಚ್ಚಿರಲಿಲ್ಲ. ನಂತರ ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಓಡಿಸಿದೆ. ಇದು ವಿಂಡೋಸ್ ಇಲ್ಲದೆಯೇ ರ‍್ಯಾಮ್ ಅನ್ನು ಪರೀಕ್ಷಿಸುವ ತಂತ್ರಾಂಶ. ಬರೆದದ್ದನ್ನು ಮತ್ತೆ ಓದಿ, ಎರಡೂ ಒಂದೇ ಆಗಿವೆಯೇ ಎಂದು ನೋಡುತ್ತದೆ. ಇದರಲ್ಲಿ ಒಂದು ತಪ್ಪು ಬಂದರೂ ಅಲಕ್ಷ್ಯ ಮಾಡುವಂತಿಲ್ಲ. ಫಜ್ರ್‌ಗೆ ಎದ್ದು ನೋಡಿದರೆ ಪರದೆಯ ತುಂಬ ತಪ್ಪುಗಳು.

ಆಗಲೂ ದೂರಲು ಹೋಗಲಿಲ್ಲ. ಒಂದೊಂದೇ ರ‍್ಯಾಮ್ ಹಾಕಿ ಒಂದೊಂದು ರಾತ್ರಿ ಓಡಿಸಿದೆ. ಒಂಟಿಯಾಗಿ ಎರಡೂ ಸರಿ. ಎರಡನ್ನೂ ಹಾಕಿದರೆ ತಪ್ಪು. ನೋಟ್‌ಬುಕ್ ನೋಡಿ ಯೋಚಿಸಿದಾಗ ವಿಷಯ ತಿಳಿಯಿತು. ಮೊದಲಿನ ರ‍್ಯಾಮ್ 3200 ವೇಗದ್ದು. ಆ ವೇಗ ಸಿಗಲೆಂದು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಆನ್ ಮಾಡಲಾಗಿತ್ತು, ಅದು ಸರಿಯಾದ ಕ್ರಮವೇ. ನಾನು ತಂದು ಸೇರಿಸಿದ್ದು 2666 ವೇಗದ ರ‍್ಯಾಮ್. ನಿಧಾನ ನಡೆಯುವವನ ಕೈ ಹಿಡಿದು ಓಡಿಸಿದ ಹಾಗಾಗಿತ್ತು. ಎಕ್ಸ್‌ಎಂಪಿ ಆಫ್ ಮಾಡಿದೆ. ಎರಡೂ ಕಡಿಮೆ ವೇಗಕ್ಕೆ ಇಳಿದವು, ಮೆಮ್‌ಟೆಸ್ಟ್‌ನಲ್ಲಿ ತಪ್ಪು ಸೊನ್ನೆ. ಒಂದು ದಿನ ಸರಿಯಿದ್ದರೆ ಸಾಲದು ಎಂದು ಎರಡು ವಾರ ಕಾದೆ. ಆಮೇಲೆ ಅಬ್ಬಾ ಎದುರು ನೋಟ್‌ಬುಕ್ ಇಟ್ಟು ನಡೆದದ್ದನ್ನೆಲ್ಲ ಹೇಳಿದೆ.

ಅಬ್ಬಾ ಮರುದಿನವೇ ನನ್ನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿ 1,500 ರೂಪಾಯಿ ಕೊಟ್ಟು ಮಾಫಿ ಕೇಳಿದರು. ನಾನೂ ಕೇಳಿದೆ. ಅವರು “ಪರವಾಗಿಲ್ಲ ಚಾಚಾ” ಎಂದರು. ಆದರೆ ಅಷ್ಟು ಹೊತ್ತಿಗೆ ನಮ್ಮ ಇಬ್ಬರು ನೆಂಟರೂ ಬೇರೆ ಕಡೆ ಕಂಪ್ಯೂಟರ್ ಕೊಂಡಾಗಿತ್ತು. ಎರಡು ಕಂಪ್ಯೂಟರಿನ ಕೂಲಿ ಅವರಿಗೆ ಹೋಯಿತು. ಅದನ್ನು ನಾವು ಯಾವ ಎಂಟ್ರಿ ಹಾಕಿಯೂ ಸರಿಪಡಿಸಲಾರೆವು. ಬದ್‌ಗುಮಾನಿ, ಅಂದರೆ ಆಧಾರವಿಲ್ಲದ ಅನುಮಾನ, ಬೇಡವೆಂದು ನಮಗೆ ಚಿಕ್ಕಂದಿನಿಂದ ಕಲಿಸುತ್ತಾರೆ. ಅದು ಬರೀ ಮಾತಿಗೆ ಸಂಬಂಧಿಸಿದ್ದೆಂದು ಅಂದುಕೊಂಡಿದ್ದೆ. ಒಬ್ಬರ ಅನ್ನಕ್ಕೂ ಸಂಬಂಧಿಸಿದ್ದೆಂದು ಈಗ ಗೊತ್ತಾಯಿತು.

ಹಾಗಾದರೆ ಯಾರ ಮೇಲೂ ದೂರು ಹೇಳಬಾರದೇ ಎಂದು ನೀವು ಕೇಳಬಹುದು. ಖಂಡಿತ ಹೇಳಬೇಕು, ತಯಾರಿಸಿದವರದೇ ತಪ್ಪಿರುವುದೂ ಉಂಟು. 1994ರಲ್ಲಿ ಅಮೆರಿಕದ ವರ್ಜೀನಿಯಾದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವರಿಗೆ ಹೊಸ ಪೆಂಟಿಯಂ ಕಂಪ್ಯೂಟರಿನಲ್ಲಿ ಲೆಕ್ಕ ತಾಳೆಯಾಗಲಿಲ್ಲ. ಅವರು ಕೂಡಲೇ ಕಂಪನಿಯನ್ನು ದೂರಲಿಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ತೆಗೆದುಹಾಕುತ್ತ ತಿಂಗಳುಗಳನ್ನೇ ಕಳೆದರು. ಕೊನೆಗೆ ಉಳಿದದ್ದು ಪ್ರೊಸೆಸರ್‌ನ ಭಾಗಾಕಾರದ ದೋಷ. ಪುರಾವೆ ಎದುರಿಗಿದ್ದಾಗ ಇಂಟೆಲ್‌ನಂಥ ಕಂಪನಿಯೇ ಒಪ್ಪಬೇಕಾಯಿತು. ಕೇಳಿದವರಿಗೆಲ್ಲ ಪ್ರೊಸೆಸರ್ ಬದಲಿಸಿಕೊಡುವ ಖರ್ಚಿಗೆಂದು ಅದು 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. 2024ರಲ್ಲಿ ಅದೇ ಕಂಪನಿಯ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕ್ರ್ಯಾಶ್ ಆದಾಗಲೂ ಮೊದಲು ಅನುಮಾನ ಹೋದದ್ದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಪ್ರೊಸೆಸರ್‌ಗೆ ಹೋಗುತ್ತಿದ್ದ ಹೆಚ್ಚಿನ ವೋಲ್ಟೇಜ್ ಕಾರಣವೆಂದು ತಿಳಿದ ಮೇಲೆ ಕಂಪನಿ ಅದಕ್ಕೆ ಪರಿಹಾರ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ಈಗ ನಮ್ಮ ಲ್ಯಾಬ್‌ಗೆ ಬರುತ್ತೇನೆ. ಒಂದು ಕಂಪ್ಯೂಟರ್ ನಿಂತರೆ “ಹಿಂದಿನ ಬ್ಯಾಚಿನವರು ಕೆಡಿಸಿದರು” ಎನ್ನುತ್ತೇವೆ, ಪಕ್ಕದ ಕುರ್ಚಿಗೆ ಹೋಗುತ್ತೇವೆ. ಲ್ಯಾಬ್ ಸಹಾಯಕರಿಗೆ ಅದು ಯಾವಾಗ, ಹೇಗೆ ನಿಂತಿತೆಂದು ಹೇಳುವವರಿಲ್ಲ. ಪರೀಕ್ಷೆಯಲ್ಲಿ ರ‍್ಯಾಮ್ ಎಂದರೇನು ಎಂದು ಬರೆದು ಅಂಕ ಪಡೆಯುತ್ತೇವೆ, ರ‍್ಯಾಮ್ ಅನ್ನು ಕೈಯಲ್ಲಿ ಹಿಡಿದು ನೋಡಿದವರು ಕಡಿಮೆ. ಅದಕ್ಕೆ ನನ್ನ ಎರಡು ಕೋರಿಕೆಗಳಿವೆ. ಪ್ರತಿ ಕಂಪ್ಯೂಟರಿನ ಪಕ್ಕ ಒಂದು ಚಿಕ್ಕ ನೋಟ್‌ಬುಕ್ ಇಡಲಿ, ಯಂತ್ರ ಕೈಕೊಟ್ಟಾಗ ಎದುರಿಗಿದ್ದವರು ಒಂದು ಸಾಲು ಬರೆಯಲಿ. ವರ್ಷಕ್ಕೊಂದು ದಿನ, ಹಳೆಯ ಕಂಪ್ಯೂಟರ್ ಒಂದನ್ನು ಬಿಚ್ಚಿ ಜೋಡಿಸಿ ಪರೀಕ್ಷಿಸುವುದನ್ನು ನಮಗೆ ಕಲಿಸಲಿ. ಕಲಿಸಲು ಬರುವಂತೆ ಆ ಹಿರಿಯ ವಿದ್ಯಾರ್ಥಿಯನ್ನೇ ಕೇಳಬಹುದು.

ಬರೆಯಲು ಯಾರಿಗೆ ಪುರುಸೊತ್ತಿದೆ ಎಂದು ಗೆಳೆಯರು ನಗಬಹುದು. ಒಂದು ಸಾಲು ಬರೆಯಲು ಅರ್ಧ ನಿಮಿಷ ಸಾಕು. ಬರೆಯದ ಒಂದು ಸಾಲಿನಿಂದ ನಮ್ಮ ಮನೆಯಲ್ಲಿ ಒಂದೂವರೆ ತಿಂಗಳು ಹೋಯಿತು. ‘ಇವತ್ತು ಹಳೆಯ ರ‍್ಯಾಮ್ ಹಾಕಿದೆ’ ಎಂಬುದೇ ಆ ಸಾಲು.